ಜೊಹೋರ್ ಬಾರುವಿನ ಶನಿವಾರಗಳು

2023ರ ಡಿಸೆಂಬರ್ 1ರಿಂದ ಭಾರತೀಯರು ವೀಸಾ ಇಲ್ಲದೆ ಮಲೇಷ್ಯಾಕ್ಕೆ ಹೋಗಿ ಮೂವತ್ತು ದಿನ ಇದ್ದು ಬರಬಹುದು ಎಂಬ ಸುದ್ದಿ ಬಂದಾಗ ಎಲ್ಲರ ಬಾಯಲ್ಲೂ ಕ್ವಾಲಾಲಂಪುರದ ಮಾತು. ಬೆಂಗಳೂರಿನ ವಿಜಯನಗರದಲ್ಲಿರುವ, ಐವತ್ತರ ಹತ್ತಿರದ ಒಬ್ಬ ಹೆಂಗಸಿಗೆ ಮಾತ್ರ ನೆನಪಾದದ್ದು ಜೊಹೋರ್ ಬಾರು. ಸಿಂಗಪುರದ ಉತ್ತರ ತುದಿಯಲ್ಲಿ ನಿಂತರೆ ಕಿರಿದಾದ ಜಲಸಂಧಿಯ ಆಚೆ ಕಾಣುವ ಮಲೇಷ್ಯಾದ ಊರು ಅದು. ಸಿಂಗಪುರದಲ್ಲಿ ಅದನ್ನು ಪೂರ್ತಿ ಹೆಸರಿಂದ ಕರೆಯುವವರು ಕಡಿಮೆ. ‘ಜೆಬಿ’ ಎಂದರೆ ಎಲ್ಲರಿಗೂ ಗೊತ್ತು.

ಕೆಲವು ತಿಂಗಳ ಮೇಲೆ, ಸಿಂಗಪುರಕ್ಕೆ ಪ್ರವಾಸ ಹೋಗಿದ್ದ ಅಣ್ಣನ ಮಗಳು ಫೋನ್ ಮಾಡಿದಳು. “ಅತ್ತೆ, ನಾಳೆ ಜೆಬಿಗೆ ಹೋಗ್ತಿದೀವಿ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್. ಅಲ್ಲಿ ಎಲ್ಲಾ ಅರ್ಧ ರೇಟಂತೆ, ನಿಮಗೇನು ತರ್ಲಿ?”

ಅರ್ಧ ರೇಟು! ಇಪ್ಪತ್ತು ವರ್ಷದ ಹಿಂದೆಯೂ ಇದೇ ಮಾತು ಕೇಳಿಯೇ ಭದ್ರಾವತಿಯ ಒಬ್ಬ ಹುಡುಗಿ ಜೆಬಿಯ ಬಸ್ಸು ಹತ್ತಿದ್ದಳು. ಆ ಹುಡುಗಿಯೇ ಈ ಬರಹ ಬರೆಯುತ್ತಿರುವವಳು. ಇಷ್ಟು ವರ್ಷದ ಮೇಲೆ ಅವಳನ್ನು ‘ಅವಳು’ ಎಂದು ಕರೆದರೇ ಅವಳು ಸರಿಯಾಗಿ ಕಾಣುತ್ತಾಳೆ.

2002. ಅವಳು ಸಿಂಗಪುರದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಅಪ್ಪ ಭದ್ರಾವತಿಯ ಕಾರ್ಖಾನೆಯಿಂದ ಸ್ವಯಂನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದರು. ತಂಗಿಯ ಮದುವೆ ಗೊತ್ತಾಗಿತ್ತು. ಯಿಶುನ್‌ನ ಸರ್ಕಾರಿ ವಸತಿ ಕಟ್ಟಡದ ಒಂದು ಮನೆಯಲ್ಲಿ ಇನ್ನು ಮೂರು ಹುಡುಗಿಯರ ಜೊತೆ ವಾಸ. ಆಗ ಒಂದು ಸಿಂಗಪುರ ಡಾಲರಿಗೆ ಸುಮಾರು 27 ರೂಪಾಯಿ. ಲಿಟಲ್ ಇಂಡಿಯಾದ ಹೋಟೆಲಿನಲ್ಲಿ ದೋಸೆ ತಿನ್ನುವಾಗಲೂ ಅವಳ ತಲೆಯಲ್ಲಿ 27ರ ಮಗ್ಗಿ ಓಡುತ್ತಲೇ ಇರುತ್ತಿತ್ತು. ಹೊಸದಾಗಿ ಹೋದ ಯಾರಿಗೂ ಈ ಮಗ್ಗಿ ತಪ್ಪಿದ್ದಲ್ಲ. ಸಂಬಳವನ್ನು ಗುಣಿಸಿದಾಗ ಹಿಗ್ಗು, ಖರ್ಚನ್ನು ಗುಣಿಸಿದಾಗ ಸಂಕಟ.

ಮನೆಯಲ್ಲಿದ್ದವರಲ್ಲಿ ಹಿರಿಯಳು ಕೊಯಮತ್ತೂರಿನವಳು. ಅವಳೇ ಜೆಬಿಯ ದಾರಿ ಹೇಳಿಕೊಟ್ಟವಳು. ಕನ್ನಡಕ, ಬೂಟು, ಹೊಲಿಗೆ, ತಲೆಗೂದಲು, ಹಲ್ಲು, ದಿನಸಿ: ಇವಿಷ್ಟನ್ನು ಸಿಂಗಪುರದಲ್ಲಿ ಮಾಡಿಸಬಾರದು, ಕೊಳ್ಳಬಾರದು ಎಂದು ಅವಳ ಕಟ್ಟಪ್ಪಣೆ. ಕಾರವಾರದವರಿಗೆ ಗೋವಾ, ಮಂಗಳೂರಿನವರಿಗೆ ಮಾಹೆ ಇದ್ದಂತೆ ಸಿಂಗಪುರದವರಿಗೆ ಜೆಬಿ. ವ್ಯತ್ಯಾಸವೆಂದರೆ ಇಲ್ಲಿ ನಡುವೆ ಇದ್ದದ್ದು ದೇಶದ ಗಡಿ, ಮತ್ತು ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಆಗ ವೀಸಾ ಬೇಕಿತ್ತು. ಕತ್ತಲಿರುವಾಗಲೇ ಎದ್ದು ಸರದಿಯಲ್ಲಿ ನಿಂತು, ಫೋಟೊ, ಕಂಪನಿಯ ಪತ್ರ, ಶುಲ್ಕ ಎಲ್ಲ ಕೊಟ್ಟು ಪಡೆದ ವೀಸಾದ ಖರ್ಚನ್ನೂ ಲೆಕ್ಕಕ್ಕೆ ಹಿಡಿದರೆ ಮೊದಲ ಸಲ ಉಳಿತಾಯವೇನೂ ಆಗುತ್ತಿರಲಿಲ್ಲ. ಎರಡನೆಯ, ಮೂರನೆಯ ಸಲಕ್ಕೆ ಲೆಕ್ಕ ಕೂಡಿ ಬರುತ್ತಿತ್ತು.

ಕ್ರಾಂಜಿ ನಿಲ್ದಾಣದಿಂದ 170ನೇ ನಂಬರಿನ ಬಸ್ಸು. ವುಡ್‌ಲ್ಯಾಂಡ್ಸ್ ತಪಾಸಣಾ ಕಟ್ಟಡದ ಹತ್ತಿರ ಎಲ್ಲರೂ ಚೀಲ ಸಮೇತ ಇಳಿಯಬೇಕು. ಮೇಲೆ ಹೋಗಿ ಸಿಂಗಪುರದಿಂದ ಹೊರಟ ಮುದ್ರೆ ಒತ್ತಿಸಿಕೊಂಡು, ಕೆಳಗೆ ಓಡಿ ಬಂದು ಮುಂದಿನ ಬಸ್ಸು ಹಿಡಿಯಬೇಕು. ನೀವು ಬಂದ ಬಸ್ಸು ನಿಮಗಾಗಿ ಕಾಯುವುದಿಲ್ಲ, ಅದೇ ಕಂಪನಿಯ ಯಾವ ಬಸ್ಸಾದರೂ ಆದೀತು. ಟಿಕೆಟ್ ಕಳೆದರೆ ಮತ್ತೆ ದುಡ್ಡು. ಕೊಯಮತ್ತೂರಿನವಳು ಟಿಕೆಟನ್ನು ಪಾಸ್‌ಪೋರ್ಟಿನ ರಟ್ಟಿನೊಳಗೆ ಸಿಕ್ಕಿಸಿ, ಅದರ ಮೇಲೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದಳು. ಸಿಂಗಪುರದವರೂ ಮಲೇಷ್ಯಾದವರೂ ತಮ್ಮ ಸಾಲಿನಲ್ಲಿ ಸರಸರನೆ ದಾಟಿ ಹೋಗುವಾಗ ಈ ನಾಲ್ವರು ಪಕ್ಕದ ಉದ್ದನೆಯ ಸಾಲಿನಲ್ಲಿ, ಬಾಂಗ್ಲಾದೇಶದ, ಫಿಲಿಪೀನ್ಸ್‌ನ ಕೆಲಸಗಾರರ ಜೊತೆ ನಿಂತಿರುತ್ತಿದ್ದರು.

ಮುಂದೆ ಕಾಸ್‌ವೇ. ಜಲಸಂಧಿಗೆ ಅಡ್ಡಲಾಗಿ ಕಲ್ಲು ತುಂಬಿ ಕಟ್ಟಿದ 1,056 ಮೀಟರ್ ಉದ್ದದ ಒಡ್ಡು ಅದು, 1924ರ ಜೂನ್‌ನಲ್ಲಿ ಉದ್ಘಾಟನೆಯಾದದ್ದು. 1942ರ ಜನವರಿ 31ರಂದು, ಮಲಯದಿಂದ ಹಿಂದೆ ಸರಿದು ಬಂದ ಬ್ರಿಟಿಷ್ ಪಡೆಗಳು ಜಪಾನೀಯರು ದಾಟದಿರಲೆಂದು ಅದರ ಒಂದು ಭಾಗವನ್ನು ಸಿಡಿಸಿದ್ದವು. ಎರಡು ವಾರ ಕಳೆಯುವ ಹೊತ್ತಿಗೆ ಸಿಂಗಪುರ ಬಿದ್ದಿತ್ತು. 1965ರಲ್ಲಿ ಸಿಂಗಪುರ ಮಲೇಷ್ಯಾದಿಂದ ಬೇರೆಯಾಯಿತು, 1967ರಿಂದ ಈ ಒಡ್ಡಿನ ತುದಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಶುರುವಾಯಿತು. ಶನಿವಾರ ವಾಹನ ಕಟ್ಟಿಕೊಂಡಾಗ ಜನ ಬಸ್ಸಿಳಿದು ನಡೆದೇ ದಾಟುತ್ತಿದ್ದರು. ಆಗ ಆ ಕಡೆಯ ತಪಾಸಣೆ ಕಚೇರಿ ಒಡ್ಡಿನ ತುದಿಯಲ್ಲೇ ಇದ್ದುದರಿಂದ ಅದು ಸಾಧ್ಯವಿತ್ತು.

ಹಾಗೆ ನಡೆಯುವಾಗ ರಸ್ತೆಯ ಮಗ್ಗುಲಲ್ಲಿ ಉದ್ದಕ್ಕೂ ಕಾಣುತ್ತಿದ್ದದ್ದು ನೀರಿನ ದಪ್ಪ ಕೊಳವೆಗಳು. 1962ರ ಒಪ್ಪಂದದ ಪ್ರಕಾರ ಸಿಂಗಪುರ ಜೊಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ ನೀರು ತೆಗೆಯಬಹುದು. ಸಾವಿರ ಗ್ಯಾಲನ್‌ಗೆ ಬೆಲೆ ಮೂರು ಸೆನ್, ಅಂದರೆ ಅಲ್ಲಿನ ಮೂರು ಪೈಸೆ. ಶುದ್ಧ ಮಾಡಿದ ನೀರಿನ ಒಂದು ಪಾಲನ್ನು ಜೊಹೋರ್ ಸಾವಿರ ಗ್ಯಾಲನ್‌ಗೆ 50 ಸೆನ್ ಕೊಟ್ಟು ಮರಳಿ ಕೊಳ್ಳುತ್ತದೆ. ಒಪ್ಪಂದ 2061ರವರೆಗೆ ಜಾರಿಯಲ್ಲಿರುತ್ತದೆ. 2002ರಲ್ಲಿ ಎರಡೂ ದೇಶಗಳ ನಡುವೆ ಈ ದರದ ಜಗಳ ಜೋರಾಗಿತ್ತು. ಮೂರು ಸೆನ್ ಅನ್ಯಾಯ ಎಂದು ಮಲೇಷ್ಯಾ, ಶುದ್ಧ ಮಾಡುವ ಖರ್ಚು 50 ಸೆನ್‌ಗಿಂತ ಎಷ್ಟೋ ಹೆಚ್ಚು ಎಂದು ಸಿಂಗಪುರ. ಅರ್ಧ ರೇಟಿನ ಬೂಟಿಗೆ ಹೊರಟ ಹುಡುಗಿಯರು ಆ ಕೊಳವೆಗಳ ಪಕ್ಕದಲ್ಲೇ ಹರಟುತ್ತ ನಡೆಯುತ್ತಿದ್ದರು. ಆ ಗಡಿಯ ಎಲ್ಲಕ್ಕಿಂತ ದೊಡ್ಡ ವ್ಯಾಪಾರ ಅಲ್ಲೇ, ಅವರ ಮೊಣಕಾಲ ಮಟ್ಟದಲ್ಲಿ ಹರಿಯುತ್ತಿತ್ತು.

ಜೆಬಿಯಲ್ಲಿ ಮೊದಲ ಕೆಲಸ ದುಡ್ಡು ಬದಲಾಯಿಸುವುದು. ಆಗ ಮಲೇಷ್ಯಾದ ದುಡ್ಡು ರಿಂಗಿಟ್ ಅಮೆರಿಕದ ಡಾಲರಿಗೆ ಕಟ್ಟುಬಿದ್ದಿತ್ತು. ಏಷ್ಯಾದ ಆರ್ಥಿಕ ಬಿಕ್ಕಟ್ಟಿನ ನಂತರ 1998ರ ಸೆಪ್ಟೆಂಬರ್‌ನಲ್ಲಿ 3.80 ಎಂದು ಗೊತ್ತುಮಾಡಿದ ದರ 2005ರ ಜುಲೈವರೆಗೆ ಅಲುಗಾಡಲಿಲ್ಲ. ಹಾಗಾಗಿ ಒಂದು ಸಿಂಗಪುರ ಡಾಲರಿಗೆ ಎರಡು ರಿಂಗಿಟ್‌ಗಿಂತ ತುಸು ಮೇಲೆ ಸಿಗುತ್ತಿತ್ತು. ಐವತ್ತು ಡಾಲರಿನ ನೋಟು ಕೊಟ್ಟರೆ ನೂರು ರಿಂಗಿಟ್ ಕೈಗೆ ಬಂದು, ಮೇಲಿಷ್ಟು ಚಿಲ್ಲರೆ. ನೋಟುಗಳ ಆ ದಪ್ಪವೇ ಒಂದು ಸಂಭ್ರಮ.

ಅಂಗಡಿಗಳಲ್ಲಿ ಅವಳು ಬೇಗನೆ ಗಮನಿಸಿದ ಒಂದು ಸಂಗತಿ ಇಲ್ಲಿದೆ. ಬೆಲೆ ಚೀಟಿಯ ಮೇಲಿನ ಅಂಕಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಸಿಂಗಪುರದಲ್ಲಿ ಇಪ್ಪತ್ತೈದು ಡಾಲರಿನ ಚಪ್ಪಲಿ ಇಲ್ಲಿ ಇಪ್ಪತ್ತೈದು ರಿಂಗಿಟ್. ಅಲ್ಲಿ ಒಂದು ಡಾಲರಿನ ಚಹಾ ಇಲ್ಲಿ ಒಂದು ರಿಂಗಿಟ್. ಯಿಶುನ್‌ನ ಕೆಳಮಹಡಿಯಲ್ಲಿ ಒಬ್ಬ ತಮಿಳು ಮುದುಕಿ ಇದ್ದರು. ಕಟ್ಟಡದ ಅಡಿಯಲ್ಲಿನ ಕಲ್ಲುಬೆಂಚಿನ ಮೇಲೆ ಸಂಜೆ ಕೂತಿರುತ್ತಿದ್ದ ಅವರು, ತಾವು ಹರೆಯದಲ್ಲಿ ಜೊಹೋರಿಗೆ ಹೋಗುವಾಗ ಇಲ್ಲಿನ ದುಡ್ಡು ಅಲ್ಲಿಯೂ ಹಾಗೇ ನಡೆಯುತ್ತಿತ್ತು ಎನ್ನುತ್ತಿದ್ದರು. ಅದು ನಿಜ. 1973ರ ಮೇ ತಿಂಗಳವರೆಗೆ ಎರಡು ದೇಶಗಳ ದುಡ್ಡಿಗೂ ಒಂದಕ್ಕೊಂದು ಸರಿಸಮ ಬೆಲೆ ಇತ್ತು. ಆ ಏರ್ಪಾಟು ಮುರಿದ ಮೇಲೆ ದುಡ್ಡುಗಳು ದೂರ ದೂರ ಸರಿದವು. ಅಂಕಿಗಳು ಮಾತ್ರ ಎಷ್ಟೋ ಕಡೆ ಜೊತೆಜೊತೆಯಲ್ಲೇ ಉಳಿದವು.

ಸಾಮಾನು ಕೊಳ್ಳುವ ಉತ್ಸಾಹ ನಿಜವಾದದ್ದು. ಅದನ್ನು ಇವತ್ತಿನ ತಿಳಿವಳಿಕೆಯಿಂದ ಸಣ್ಣದು ಮಾಡಬೇಕಾಗಿಲ್ಲ. ಆಗಿನ್ನೂ ಹೊಸದಾಗಿದ್ದ ಸಿಟಿ ಸ್ಕ್ವೇರ್ ಮಾಲ್‌ನ ತಣ್ಣನೆಯ ಗಾಳಿ, ಅದರ ಹಿಂದಿನ ಬೀದಿಗಳಲ್ಲಿ ಸಾಲುಸಾಲು ಕನ್ನಡಕದ ಅಂಗಡಿಗಳು, ಕಣ್ಣು ಪರೀಕ್ಷಿಸಿ ಎರಡು ಗಂಟೆಯಲ್ಲಿ ಕನ್ನಡಕ ಕೈಗಿಡುವ ಚೀನೀ ಹುಡುಗರು. ಬ್ರಿಟಿಷರ ಕಾಲದ ಮಳಿಗೆಗಳಿರುವ ಜಲಾನ್ ತಾನ್ ಹಿಯೋಕ್ ನೀ ಬೀದಿಯಲ್ಲಿ ಸೌದೆ ಒಲೆಯ ಹಳೆಯ ಬೇಕರಿ, ಅಲ್ಲಿಂದ ಬಿಸಿಬಿಸಿ ಬರುವ ಬಾಳೆಹಣ್ಣಿನ ಕೇಕು. ಒಂದು ಮಾಲ್‌ನ ಮೇಲಂತಸ್ತಿನಲ್ಲಿ ಕಳ್ಳ ಸಿಡಿಗಳ ಅಂಗಡಿಗಳಿದ್ದವು. ಹಿಂದಿ, ತಮಿಳು ಸಿನಿಮಾ ಅಷ್ಟೇ ಅಲ್ಲ, ಸಿಂಗಪುರದ ಆಫೀಸುಗಳಲ್ಲಿ ಸಾವಿರಾರು ಡಾಲರ್ ಬೆಲೆಬಾಳುವ ಸಾಫ್ಟ್‌ವೇರ್ ಕೂಡ ಹತ್ತಿಪ್ಪತ್ತು ರಿಂಗಿಟ್‌ಗೆ ಸಿಗುತ್ತಿತ್ತು. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವರೇ ಅಲ್ಲಿ ಗುಂಪಾಗಿ ನಿಂತು ಆರಿಸುತ್ತಿದ್ದರು.

ಹಿಂತಿರುಗುವಾಗ ಏನನ್ನು ತರಬಾರದು ಎಂಬುದೂ ಆ ದಿನದ ಪಾಠದ ಒಂದು ಭಾಗ. ಚೂಯಿಂಗ್ ಗಮ್ ಕೂಡದು, ಸಿಂಗಪುರ ಅದರ ಆಮದನ್ನು 1992ರಲ್ಲೇ ನಿಷೇಧಿಸಿತ್ತು. ಸಿಗರೇಟಿಗೆ ಒಂದೊಂದಕ್ಕೂ ಸುಂಕ. ಒಮ್ಮೆ ಆಫೀಸಿನ ಚೀನೀ ಸಹೋದ್ಯೋಗಿಯೊಬ್ಬರು ತಮ್ಮ ಕಾರಿನಲ್ಲಿ ಕರೆದೊಯ್ದಾಗ, ಹೊರಡುವ ಮೊದಲು ಅವರು ಪೆಟ್ರೋಲ್ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿದರು. ಅಗ್ಗದ ಪೆಟ್ರೋಲಿಗೆ ಆಚೆ ಹೋಗುವವರು ಇಲ್ಲೇಕೆ ತುಂಬಿಸುತ್ತಾರೆ ಎಂದು ಅವಳಿಗೆ ಅಚ್ಚರಿ. ಸಿಂಗಪುರದ ಕಾರು ಗಡಿ ದಾಟುವಾಗ ಟ್ಯಾಂಕು ಮುಕ್ಕಾಲು ಪಾಲು ತುಂಬಿರಲೇಬೇಕೆಂಬ ಕಾನೂನಿದೆ. 1989ರಲ್ಲಿ ಅರ್ಧ ಎಂದು ತಂದದ್ದನ್ನು 1991ರಲ್ಲಿ ಮುಕ್ಕಾಲಿಗೆ ಏರಿಸಿದರು. ತಪಾಸಣೆಯ ಅಧಿಕಾರಿ ಕಿಟಕಿಯಿಂದ ಬಗ್ಗಿ ಪೆಟ್ರೋಲ್ ಮುಳ್ಳನ್ನೇ ನೋಡಿದ. ನಾಗರಿಕರ ಅಗ್ಗದ ಆಸೆಯನ್ನು ಅಷ್ಟು ನಿಖರವಾಗಿ ಅಳೆದಿಟ್ಟ ಸರ್ಕಾರ ಇನ್ನೊಂದಿರಲಾರದು.

ಇಷ್ಟೆಲ್ಲ ನೆನಪುಗಳ ನಡುವೆ ಅವಳಲ್ಲಿ ಹೆಚ್ಚು ಗಟ್ಟಿಯಾಗಿ ಉಳಿದಿರುವುದು ಒಂದು ಹೊಲಿಗೆ ಅಂಗಡಿ.

ಜಲಾನ್ ಉಂಕು ಪುವಾನ್‌ನ ಮಾರಿಯಮ್ಮನ ಗುಡಿಯ ಆಚೀಚೆ ಹೂವಿನವರು, ಪಾತ್ರೆಯವರು, ಸೀರೆಯವರು. ಅಲ್ಲೇ ಒಂದು ಓಣಿಯಲ್ಲಿ ಮೆಟ್ಟಿಲ ಕೆಳಗಿನ ಜಾಗದಲ್ಲಿ ಒಂದೇ ಒಂದು ಯಂತ್ರ ಇಟ್ಟುಕೊಂಡು ಹೊಲಿಯುತ್ತಿದ್ದವರು ನಲವತ್ತು ದಾಟಿದ ತಮಿಳು ಹೆಂಗಸು. ತಂಗಿಯ ಮದುವೆಯ ಬ್ಲೌಸುಗಳ ಬಟ್ಟೆ ಹಿಡಿದು ಹೋದ ಭದ್ರಾವತಿಯ ಹುಡುಗಿ ಮಾತಾಡಿದ್ದು ತಮಿಳಿನಲ್ಲಿ. ಕಾರ್ಖಾನೆಗಳ ಊರಾದ ಭದ್ರಾವತಿಯಲ್ಲಿ ತಮಿಳರು ಬಹಳ. ಪಕ್ಕದ ಮನೆಯ ಆಟಪಾಠದಲ್ಲೇ ಆ ಭಾಷೆ ಅವಳಿಗೆ ಬಂದಿತ್ತು. “ನಿಮ್ಮ ತಮಿಳು ಎಲ್ಲಿಯದಮ್ಮಾ, ಕೇಳೋಕೆ ಬೇರೆ ಥರ ಇದೆ” ಎಂದು ಆಕೆ ಅಳತೆ ಟೇಪು ಕೊರಳಿಗೆ ಹಾಕಿಕೊಳ್ಳುತ್ತ ನಕ್ಕರು. ಅಂದಿನಿಂದ ಇವಳಿಗೆ ಅವರು ಅಕ್ಕ.

ಅಕ್ಕನ ಕೈ ಬಹಳ ಅಚ್ಚುಕಟ್ಟು. ಲೈನಿಂಗ್ ಬಟ್ಟೆಯನ್ನು ಮೊದಲು ನೀರಿನಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸುತ್ತಿದ್ದರು. ಮೊದಲ ಸಲ ಒಗೆದಾಗ ಕುಗ್ಗಿ ಹೊಲಿಗೆ ಎಳೆಯಬಾರದೆಂದು. ಕಂಕುಳ ಹತ್ತಿರ ಎರಡು ಬೆರಳು ಬಟ್ಟೆ ಒಳಗೆ ಬಿಡುತ್ತಿದ್ದರು. “ಮದುವೆಯಾದ ಮೇಲೆ ಬಿಚ್ಚಿಕೊಳ್ಳೋಕೆ ಬೇಕಾಗುತ್ತೆ” ಎಂಬುದು ಅವರ ವಿವರಣೆ. ಕೊಕ್ಕೆಗಳನ್ನು ಯಂತ್ರದಲ್ಲಿ ಹಾಕದೆ ಕೈಯಲ್ಲೇ, ಒಂದು ಎಡಕ್ಕೆ ಒಂದು ಬಲಕ್ಕೆ ಮುಖ ಮಾಡಿ ಹೊಲಿಯುತ್ತಿದ್ದರು, ಉಸಿರೆಳೆದರೂ ಬಿಚ್ಚಿಕೊಳ್ಳದ ಹಾಗೆ. ಒಂದು ಬ್ಲೌಸಿಗೆ ಹದಿನೆಂಟು ವೆಳ್ಳಿ. ಅಲ್ಲಿನ ತಮಿಳರು ರಿಂಗಿಟ್ಟನ್ನು ವೆಳ್ಳಿ ಎನ್ನುತ್ತಾರೆ. ಹುಡುಗಿ ಹದಿಮೂರಕ್ಕೆ ಕೇಳಿದಳು. ಹದಿನೈದಕ್ಕೆ ಕುದುರಿತು.

ಆ ಮೂರು ರಿಂಗಿಟ್ ಅವಳ ಲೆಕ್ಕದಲ್ಲಿ ನಲವತ್ತು ರೂಪಾಯಿಯ ಹತ್ತಿರ. ಐದು ಬ್ಲೌಸಿಗೆ ಇನ್ನೂರು. ಅಪ್ಪನ ಮನೆಯಲ್ಲಿ ಇನ್ನೂರು ರೂಪಾಯಿಗೆ ಆಗ ತೂಕವಿತ್ತು. ಹಾಗಾಗಿ ಅದನ್ನು ಜಿಪುಣತನ ಎನ್ನಲಾಗದು. ಆದರೆ ಅವಳ ಲೆಕ್ಕದಲ್ಲಿ ಎಲ್ಲವೂ ಇದ್ದವು: ಡಾಲರ್, ರಿಂಗಿಟ್, ರೂಪಾಯಿ, ತಂಗಿಯ ಮದುವೆ. ಬ್ಲೌಸು ಹೊಲಿಯುವವರ ದಿನ ಹೇಗೆ ಸಾಗುತ್ತದೆ ಎಂಬುದಷ್ಟೇ ಇರಲಿಲ್ಲ.

ಅದು ತಿಳಿದದ್ದು ನಂತರದ ಭೇಟಿಯೊಂದರಲ್ಲಿ, ಬ್ಲೌಸಿಗೆ ಕಾಯುತ್ತ ಸ್ಟೂಲಿನ ಮೇಲೆ ಕೂತಿದ್ದಾಗ. ಅಕ್ಕನ ಗಂಡ ಸಿಂಗಪುರದ ಒಂದು ಹಡಗು ರಿಪೇರಿ ಕಾರ್ಖಾನೆಯಲ್ಲಿ ವೆಲ್ಡರ್. ಬೆಳಗಿನ ಜಾವ ಮೂರೂವರೆಗೆ ಎದ್ದು, ನಾಲ್ಕಕ್ಕೆ ಬೈಕು ಹತ್ತಿ ಹೊರಡುತ್ತಿದ್ದರು. ಐದರ ಮೇಲೆ ಹೊರಟರೆ ಕಾಸ್‌ವೇ ಮೇಲೆ ಬೈಕುಗಳು ಒತ್ತಿಕೊಂಡು ಕದಲುವುದಿಲ್ಲ. ರಾತ್ರಿ ಒಂಬತ್ತಕ್ಕೆ ಮನೆ. ಎಚ್ಚರವಿರುವ ಅಪ್ಪನನ್ನು ಮಕ್ಕಳು ನೋಡುತ್ತಿದ್ದದ್ದು ಭಾನುವಾರ. “ಇದೇ ಊರಲ್ಲೂ ಕೆಲಸ ಇದೆಯಮ್ಮಾ. ಅಲ್ಲಿ ಸಾವಿರದಿನ್ನೂರು ವೆಳ್ಳಿ, ಇಲ್ಲೂ ಸಾವಿರದಿನ್ನೂರು ವೆಳ್ಳಿ. ಆದರೆ ಅಲ್ಲಿಯ ವೆಳ್ಳಿ ಇಲ್ಲಿಗೆ ಬಂದರೆ ಎರಡಾಗುತ್ತಲ್ಲ?” ಅಕ್ಕ ಇದನ್ನು ದೂರಿನಂತೆ ಹೇಳಲಿಲ್ಲ. ಸೂಜಿಗೆ ದಾರ ಪೋಣಿಸುತ್ತ, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ ಹೇಳಿದರು.

ಎರಡೂ ಕಡೆ ಒಂದೇ ಅಂಕಿಯ ಬೆಲೆ ಚೀಟಿಗಳು ಆ ದಿನ ಅವಳಿಗೆ ಬೇರೆಯಾಗಿ ಕಂಡವು. ಜೆಬಿಯಲ್ಲಿ ದುಡಿದು ಜೆಬಿಯಲ್ಲೇ ಕೊಳ್ಳುವವರಿಗೆ ಇಪ್ಪತ್ತೈದು ರಿಂಗಿಟ್ಟಿನ ಚಪ್ಪಲಿ ಯಾವತ್ತೂ ಅಗ್ಗವಾಗಿರಲಿಲ್ಲ. ಸಿಂಗಪುರದವಳಿಗೆ ಇಪ್ಪತ್ತೈದು ಡಾಲರಿನ ಚಪ್ಪಲಿ ಎಷ್ಟು ಭಾರವೋ ಅವರಿಗೆ ಅದೂ ಅಷ್ಟೇ ಭಾರ. ಸಂಬಳ ಒಂದು ದಡದಲ್ಲಿ, ಖರ್ಚು ಇನ್ನೊಂದು ದಡದಲ್ಲಿ ಇದ್ದವರಿಗೆ ಮಾತ್ರ ಅಗ್ಗ. ಶನಿವಾರ ಬೆಳಿಗ್ಗೆ ಉತ್ತರಕ್ಕೆ ಹೋಗುವ ಹುಡುಗಿಯರೂ, ದಿನಾ ನಸುಕಿನಲ್ಲಿ ದಕ್ಷಿಣಕ್ಕೆ ಬರುವ ವೆಲ್ಡರೂ ಅದೇ ಒಂದು ವ್ಯತ್ಯಾಸವನ್ನು ನಂಬಿಕೊಂಡಿದ್ದರು. ಅವಳು ಇನ್ನೂ ದೂರದಿಂದ, ಭದ್ರಾವತಿಯಿಂದ, ಅದಕ್ಕಾಗಿಯೇ ಬಂದಿದ್ದಳು. ಸಿಂಗಪುರದ ಕಂಪನಿಗೆ ಅವಳು ಸಿಕ್ಕಿದ್ದೂ ಕಡಿಮೆ ಬೆಲೆಗೇ. ಯಾರ ಬೆವರಿಗೆ ಯಾವ ದಡದ ಬೆಲೆ ಕಟ್ಟಬೇಕು ಎಂಬುದನ್ನು ಆ ಒಂದು ಕಿಲೋಮೀಟರ್ ಒಡ್ಡು ನಿರ್ಧರಿಸುತ್ತಿತ್ತು.

ತಂಗಿಯ ಮದುವೆಯಾಯಿತು. ಬ್ಲೌಸುಗಳನ್ನು ಊರಿನ ಹೆಂಗಸರೆಲ್ಲ ಮುಟ್ಟಿ ನೋಡಿದರು. ಕೆಲವು ವರ್ಷದ ನಂತರ ಅವಳು ಬೆಂಗಳೂರಿಗೆ ವಾಪಸಾದಳು. ಅಕ್ಕನ ಫೋನ್ ನಂಬರು ಅವಳ ಹತ್ತಿರ ಯಾವತ್ತೂ ಇರಲಿಲ್ಲ.

ಆ ದಾರಿ ಈಗ ಬಹಳ ಬದಲಾಗಿದೆ. 2008ರ ಡಿಸೆಂಬರ್‌ನಲ್ಲಿ ಮಲೇಷ್ಯಾದ ಕಡೆ ಸುಲ್ತಾನ್ ಇಸ್ಕಂದರ್ ಹೆಸರಿನ ಭಾರೀ ತಪಾಸಣಾ ಕಟ್ಟಡ ತೆರೆದ ಮೇಲೆ ನಡೆದು ದಾಟುವುದು ಕಷ್ಟವಾಯಿತು. 2015ರಲ್ಲಿ ಐದು ನಿಮಿಷದ ಷಟಲ್ ರೈಲು ಬಂತು. ಒಂದು ಕಾಳಿ ಗುಡಿ ಲಕ್ಷಾಂತರ ಗಾಜಿನ ತುಣುಕು ಹೊದ್ದು ಪ್ರವಾಸಿಗರ ತಾಣವಾಗಿದೆ. ಕಳ್ಳ ಸಿಡಿಯ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಸಿಂಗಪುರ ಡಾಲರಿಗೆ ಈಗ ಮೂರು ರಿಂಗಿಟ್‌ಗೂ ಹೆಚ್ಚು ಸಿಗುತ್ತದೆ, ಅಂದರೆ ಆ ಅಂತರ ಕಿರಿದಾಗುವ ಬದಲು ಹಿಗ್ಗಿದೆ. ದಿನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಆ ಒಡ್ಡು ದಾಟುತ್ತಾರೆ.

2020ರ ಮಾರ್ಚ್ 18ರಂದು ಮಲೇಷ್ಯಾ ಗಡಿ ಮುಚ್ಚಿದಾಗ ವಿಜಯನಗರದ ಮನೆಯಲ್ಲಿ ಕೂತು ಅವಳು ಟಿವಿಯಲ್ಲಿ ನೋಡಿದ್ದು ಖಾಲಿ ಕಾಸ್‌ವೇ. ಕೆಲಸ ಉಳಿಸಿಕೊಳ್ಳಲು ಅವಸರದಲ್ಲಿ ಸಿಂಗಪುರ ಸೇರಿದ ಮಲೇಷ್ಯಾದ ಕೆಲಸಗಾರರಲ್ಲಿ ಕೆಲವರು ಮೊದಲ ರಾತ್ರಿಗಳನ್ನು ಕ್ರಾಂಜಿ ನಿಲ್ದಾಣದ ಹತ್ತಿರ ಬಯಲಲ್ಲೇ ಮಲಗಿ ಕಳೆದರು. ಅವಳು 170ನೇ ಬಸ್ಸಿಗೆ ಕಾಯುತ್ತಿದ್ದ ನಿಲ್ದಾಣ ಅದು. ಭೂಗಡಿ ಪೂರ್ತಿಯಾಗಿ ಮತ್ತೆ ತೆರೆದದ್ದು 2022ರ ಏಪ್ರಿಲ್ 1ರಂದು. ಎರಡು ವರ್ಷ ಮಕ್ಕಳ ಮುಖ ನೋಡದವರು ಅಂದು ನಡುರಾತ್ರಿಯೇ ಬೈಕು ಹತ್ತಿ ಹೊರಟರು.

ಈಗ ಅಲ್ಲಿ ವುಡ್‌ಲ್ಯಾಂಡ್ಸ್ ನಾರ್ತ್‌ನಿಂದ ಬುಕಿತ್ ಚಗಾರ್‌ಗೆ ನಾಲ್ಕು ಕಿಲೋಮೀಟರ್ ಉದ್ದದ ಹೊಸ ರೈಲು ಮಾರ್ಗ ಎದ್ದಿದೆ. ಗಂಟೆಗೆ ಒಂದೊಂದು ದಿಕ್ಕಿಗೆ ಹತ್ತು ಸಾವಿರ ಜನರನ್ನು ಸಾಗಿಸುವ ಸಾಮರ್ಥ್ಯದ್ದು. ಎರಡೂ ದೇಶಗಳ ತಪಾಸಣೆ ಹೊರಡುವ ನಿಲ್ದಾಣದಲ್ಲೇ ಮುಗಿಯುತ್ತದೆ. 2026ರ ಕೊನೆಯ ಹೊತ್ತಿಗೆ ಓಡಾಟ ಶುರು ಎಂದು ಸರ್ಕಾರಗಳು ಹೇಳಿಕೊಂಡು ಬಂದಿವೆ. ಶಾಪಿಂಗಿಗೆ ಅನುಕೂಲ ಎಂದು ಅದನ್ನು ಹೊಗಳುವವರಿದ್ದಾರೆ. ಆದರೆ ಅದರ ನಿಜವಾದ ಉಪಕಾರ ನಸುಕಿನ ನಾಲ್ಕಕ್ಕೆ ಬೈಕು ಹತ್ತುವವರಿಗೆ ಆಗಬೇಕು. ಅವರಿಗೆ ಒಂದು ಗಂಟೆ ನಿದ್ದೆ ಹೆಚ್ಚು ಸಿಕ್ಕರೆ ಅದಕ್ಕೆ ಸುರಿದ ಹಣ ಸಾರ್ಥಕ.

ಸಿಂಗಪುರಕ್ಕೆ ಹೋಗುವ ನಮ್ಮವರು ಜೆಬಿಗೆ ಖಂಡಿತ ಹೋಗಿ ಬನ್ನಿ, ಒಂದು ದಿನಕ್ಕೆ ಬೇಕಾದಷ್ಟು ಅಲ್ಲಿದೆ. ಸಿಂಗಪುರದ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅವಕಾಶ ಕೊಡುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ, ಇಲ್ಲವಾದರೆ ವಾಪಸು ಬರುವುದೇ ತೊಡಕಾದೀತು. ಮಲೇಷ್ಯಾದ ಡಿಜಿಟಲ್ ಆಗಮನ ಕಾರ್ಡನ್ನು ಅಲ್ಲಿ ತಲುಪುವ ಮೊದಲಿನ ಮೂರು ದಿನದೊಳಗೆ, ಸಿಂಗಪುರದ ಕಾರ್ಡನ್ನು ಮರಳುವಾಗ ಮತ್ತೊಮ್ಮೆ ತುಂಬಬೇಕು. 48 ಗಂಟೆಗಿಂತ ಕಡಿಮೆ ಹೊರಗಿದ್ದು ಬರುವ ಪ್ರವಾಸಿಗೆ ನೂರು ಸಿಂಗಪುರ ಡಾಲರಿನವರೆಗಿನ ಸಾಮಾನಿಗೆ ಮಾತ್ರ ತೆರಿಗೆ ವಿನಾಯಿತಿ. ಮಾಲ್‌ಗಳಲ್ಲಿ, ಬೂಟಿನ ಅಂಗಡಿಗಳಲ್ಲಿ ಬೇಕಾದಷ್ಟು ಚೌಕಾಸಿ ಮಾಡಿ. ಹೊಲಿಯುವವರು, ಕೂದಲು ಕತ್ತರಿಸುವವರು, ಹೂ ಕಟ್ಟುವವರು ಕೇಳಿದ ಬೆಲೆಯನ್ನು ದಯವಿಟ್ಟು ಹಾಗೆಯೇ ಕೊಟ್ಟು ಬನ್ನಿ.